ಅನಿಮೇಷನ್ ಚಿತ್ರಗಳಲ್ಲಿ ಪೂರ್ವಗ್ರಹವೂ ಧೈರ್ಯವೂ

ಹುಟ್ಟುವೈರಿಗಳಾದ ಪ್ರಾಣಿಗಳ ಹೆಸರುಗಳು ದ್ವಂದ್ವಸಮಾಸದಲ್ಲಿ ಕೂಡಿದರೆ ಆ ಸಮಾಸವು ಏಕವಚನದಲ್ಲಿಯೇ ನಿಲ್ಲತಕ್ಕುದೆಂದು ಪಾಣಿನಿಮಹರ್ಷಿಯು ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ವಿಧಿಸಿರುವನು. ಹಾವು ಮುಂಗುಸಿಗಳು ಕೂಡಿ ‘ಅಹಿನಕುಲಂ’. ಬೆಕ್ಕು ಇಲಿಗಳು ಕೂಡಿ ‘ಮಾರ್ಜಾರಮೂಷಕಂ’. ಲೋಕದಲ್ಲಿ ಒಂದೆಡೆ ನಿಲ್ಲಲಾರದ ಪ್ರಾಣಿಗಳು ವ್ಯಾಕರಣದಲ್ಲಿ ಮಾತ್ರ ಬೇರ್ಪಡಿಸಲಾಗದಂತೆ ಒಂದಾಗಿರುವುದು ವಿನೋದವೇ ಸರಿ. ವೈಯಾಕರಣನಿಗೆ ಈ ವಿರೋಧವು ಶಾಶ್ವತವಾದುದು. ಅದು ಹೇಗೆ ಬಂದಿತು, ಎಂದಿಗೆ ಹೋದೀತು ಎಂದು ವಿಚಾರಿಸುವುದು ಅವನ ಕೆಲಸವಲ್ಲ. ಕವಿಗೂ ಕಥೆಗಾರನಿಗೂ ಅದೇ ಮುಖ್ಯವಾದ ಕೆಲಸ. ಈಗ ಕೆಲವು ದಶಕಗಳಿಂದ ಮನೆಮಂದಿಯೆಲ್ಲರೂ ಕುಳಿತು ನೋಡುವ ಅನಿಮೇಷನ್ ಚಿತ್ರಗಳು ಇದೇ ಸಮಾಸಗಳನ್ನು ಬಿಡಿಸಿ ಮಕ್ಕಳ ಮುಂದೆ ಇಡುತ್ತಿರುವುವು. ವಿದ್ವಾಂಸರು ಇವುಗಳನ್ನು ಮಕ್ಕಳಾಟಿಕೆಯೆಂದು ಬದಿಗಿಟ್ಟಿರುವರು. ಆದರೆ ಒಂದು ಕಾಲದಲ್ಲಿ ಪಂಚತಂತ್ರವು ಎಳೆಯರಿಗೆ ಮಾಡುತ್ತಿದ್ದ ಕೆಲಸವನ್ನು ಇಂದು ಮಾಡುತ್ತಿರುವುದು ಇವೇ ಆದುದರಿಂದ, ಅವು ಕಲಿಸುವುದೇನು, ಕಲಿಸುವ ಬಗೆ ಯುಕ್ತವೋ ಅಲ್ಲವೋ ಎಂಬುದನ್ನು ಪರೀಕ್ಷಿಸುವುದು ಅಪ್ರಸ್ತುತವೆನಿಸಲಾರದು.

ಮೊದಲು ಶಬ್ದವಿಚಾರ. ಈ ಚಿತ್ರಗಳಲ್ಲಿ ಬಹುಭಾಗವು ಖಂಡಿಸುವ ದೋಷಕ್ಕೆ ಕನ್ನಡದಲ್ಲಿ ಕೆಲವರು ‘ಪೂರ್ವಗ್ರಹ’ವೆಂದೂ ಕೆಲವರು ‘ಪೂರ್ವಾಗ್ರಹ’ವೆಂದೂ ಬರೆಯುವರು. ಒಂದು ಸಾಧು, ಇನ್ನೊಂದು ಅಸಾಧು ಎಂದು ವಾದಿಸುವವರೂ ಉಂಟು. ಎರಡೂ ಸಾಧುವಾದ ಶಬ್ದಗಳೇ. ಅರ್ಥವು ಮಾತ್ರ ಒಂದಲ್ಲ. ಗ್ರಹವೆಂದರೆ ಹಿಡಿಯುವುದು, ತಿಳಿಯುವುದು. ಮುಂಚೆಯೇ ಹಿಡಿದಿಟ್ಟುಕೊಂಡ ತಿಳಿವಳಿಕೆಯು ಪೂರ್ವಗ್ರಹ. ಇದು ಇಲ್ಲದ ಜೀವಿಯಿಲ್ಲ. ಒಮ್ಮೆ ಕೈಸುಟ್ಟುಕೊಂಡ ಮಗುವು ಎರಡನೆಯ ಸಲ ಒಲೆಯ ಬಳಿಗೆ ಹೋಗದಿರುವುದಕ್ಕೆ ಇದೇ ಕಾರಣ. ಆಗ್ರಹವೆಂದರೆ ಹಿಡಿದುದನ್ನು ಬಿಡದಿರುವ ಹಟ. ಪ್ರಮಾಣಾಂತರವು ಎದುರಿಗೆ ಬಂದು ನಿಂತರೂ ಹಳೆಯ ತಿಳಿವಳಿಕೆಯನ್ನೇ ಅಪ್ಪಿಕೊಂಡಿರುವುದು ಪೂರ್ವಾಗ್ರಹ. ಮೊದಲನೆಯದು ಬುದ್ಧಿಯ ಸ್ವಭಾವ. ಎರಡನೆಯದು ಬುದ್ಧಿಯ ರೋಗ. ಮಹಾತ್ಮ ಗಾಂಧಿಯವರಿಂದ ಲೋಕಪ್ರಸಿದ್ಧವಾದ ‘ಸತ್ಯಾಗ್ರಹ’ದಲ್ಲಿಯೂ ಇರುವುದು ಇದೇ ಆಗ್ರಹವೆಂಬುದನ್ನು ಇಲ್ಲಿ ನೆನೆಯಬಹುದು. ಹಟವು ಎರಡರಲ್ಲಿಯೂ ಸಮಾನ. ಹಿಡಿದ ವಸ್ತುವು ಬೇರೆ.

ಬೆಂಗಳೂರಿನ ಒಂದು ಸ್ಥಳನಾಮದಲ್ಲಿಯೇ ಇದಕ್ಕೆ ದೃಷ್ಟಾಂತವು ದೊರೆಯುತ್ತದೆ. ವಿಜಯನಗರಕ್ಕೆ ಸಮೀಪವಾದ ಮೂಡಲಪಾಳ್ಯವು ನಗರದ ಪಡುವಣ ಭಾಗದಲ್ಲಿದೆ. ಮೂಡಲೆಂದರೆ ಪೂರ್ವದಿಕ್ಕು. ಹೆಸರನ್ನು ಕೇಳಿ ಊರನ್ನು ಮೂಡಣದಲ್ಲಿ ಹುಡುಕುವವನಿಗೆ ಊರು ಸಿಕ್ಕದು. ಹೆಸರಿಟ್ಟವನು ಇನ್ನೂ ಪಡುವಲಲ್ಲಿ ನಿಂತು ನೋಡಿರಬೇಕು. ಅವನು ನಿಂತ ನೆಲೆಯು ಮರೆತುಹೋಗಿ ಅವನ ದಿಕ್ಕು ಮಾತ್ರ ಉಳಿದಿದೆ. ನರಿಯು ಮೋಸಗಾರ, ಕತ್ತೆಯು ಮಂಕ, ಮೊಲವು ಪುಕ್ಕಲು ಎಂಬ ಮಾತುಗಳೂ ಹೀಗೆಯೇ ಯಾರೋ ಎಲ್ಲಿಯೋ ನಿಂತು ಇಟ್ಟ ಹೆಸರುಗಳಲ್ಲವೆ?

ಪ್ರಕೃತಕ್ಕೆ ಬರೋಣ. ಪೂರ್ವಗ್ರಹವನ್ನೇ ವಸ್ತುವಾಗಿ ಉಳ್ಳ ಅನಿಮೇಷನ್ ಚಿತ್ರಗಳಲ್ಲಿ ಅಗ್ರಗಣ್ಯವಾದುದು ಡಿಸ್ನಿ ಸಂಸ್ಥೆಯವರು ೨೦೧೬ರಲ್ಲಿ ಹೊರತಂದ ‘ಝೂಟೋಪಿಯ’. ಬೈರನ್ ಹೋವರ್ಡ್, ರಿಚ್ ಮೂರ್ ಎಂಬವರು ಇದರ ನಿರ್ದೇಶಕರು. ಮರುವರ್ಷ ಇದಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪ್ರಶಸ್ತಿಯು ಬಂದಿತು. ಬೇಟೆಯಾಡುವ ಮೃಗಗಳೂ ಬೇಟೆಗೆ ಸಿಕ್ಕುವ ಮೃಗಗಳೂ ಹಳೆಯ ವೈರವನ್ನು ಬಿಟ್ಟು ಒಂದೇ ನಗರದಲ್ಲಿ ನಾಗರಿಕರಾಗಿ ಬಾಳುತ್ತಿರುವುದು ಕಥೆಯ ಭಿತ್ತಿ. ಹಳ್ಳಿಯಿಂದ ಬಂದ ಜೂಡಿ ಎಂಬ ಹೆಣ್ಣುಮೊಲವು ಪೊಲೀಸ್ ಅಧಿಕಾರಿಯಾಗುತ್ತದೆ. ಮೊಲವೊಂದು ಕಳ್ಳರನ್ನು ಹಿಡಿದೀತೆಂದು ನಂಬದ ಕಾಡುಕೋಣವಾದ ಮೇಲಧಿಕಾರಿಯು ಅವಳನ್ನು ಗಾಡಿ ನಿಲ್ಲಿಸುವವರಿಗೆ ದಂಡ ಹಾಕುವ ಕೆಲಸಕ್ಕೆ ಹಚ್ಚುತ್ತಾನೆ. ನಿಕ್ ಎಂಬ ವಂಚಕನಾದ ನರಿಯ ನೆರವಿನಿಂದ ಅವಳು ಕಾಣೆಯಾದ ಮೃಗಗಳನ್ನು ಪತ್ತೆಹಚ್ಚುತ್ತಾಳೆ.

ಇಷ್ಟರಲ್ಲಿ ಹೊಸತೇನೂ ಇಲ್ಲ. ಕಿರಿಯನೆಂದು ಹಳಿಸಿಕೊಂಡವನು ಕೊನೆಗೆ ಗೆಲ್ಲುವ ಕಥೆಗಳು ಎಲ್ಲ ದೇಶಗಳಲ್ಲಿಯೂ ಹೇರಳವಾಗಿರುವುವು. ಈ ಚಿತ್ರದ ಸತ್ತ್ವವಿರುವುದು ನಡುವೆ ಬರುವ ಒಂದು ಸನ್ನಿವೇಶದಲ್ಲಿ. ಪತ್ತೆಯಾದ ಮೃಗಗಳೆಲ್ಲ ಹುಚ್ಚೆದ್ದು ಕ್ರೂರವಾಗಿರುವುವು. ಎಲ್ಲವೂ ಬೇಟೆಯ ಜಾತಿಯವು. ಕಾರಣವೇನೆಂದು ಪತ್ರಿಕೆಯವರು ಕೇಳಿದಾಗ, ಅವುಗಳ ಶರೀರದಲ್ಲಿ ಹುದುಗಿರುವ ಹಿಂದಿನ ಸ್ವಭಾವವೇ ಮರಳಿ ತಲೆಯೆತ್ತಿರಬಹುದೆಂದು ಜೂಡಿಯು ಉತ್ತರ ಕೊಡುತ್ತಾಳೆ. ಅವಳಲ್ಲಿ ದ್ವೇಷವಿಲ್ಲ, ಶಾಸ್ತ್ರವನ್ನು ಹೇಳುತ್ತಿರುವೆನೆಂಬ ಭಾವವೇ ಇದೆ. ಪಕ್ಕದಲ್ಲಿ ನಿಂತು ಕೇಳಿದ ನಿಕ್ ಅವಳನ್ನು ಕೇಳುವನು: ನನ್ನನ್ನು ಕಂಡರೂ ನಿನಗೆ ಭಯವೋ? ಹೀಗೆಂದು ಅವನು ಮೇಲೆ ಬೀಳುವವನಂತೆ ಮುಂದುವರಿದಾಗ ಅವಳ ಕೈಯು ಅವಳಿಗೆ ತಿಳಿಯದಂತೆಯೇ ಸೊಂಟದಲ್ಲಿದ್ದ ಡಬ್ಬಿಯ ಕಡೆಗೆ ಹೋಗುತ್ತದೆ. ಮಗಳು ನಗರಕ್ಕೆ ಹೊರಟಾಗ ತಂದೆತಾಯಿಗಳು ಕೊಟ್ಟ, ನರಿಗಳನ್ನು ಓಡಿಸುವ ಔಷಧದ ಡಬ್ಬಿಯದು. ಪ್ರೇಕ್ಷಕನು ಅದನ್ನು ಆರಂಭದಲ್ಲಿಯೇ ಕಂಡು ಮರೆತಿರುತ್ತಾನೆ. ಒಂದು ಮಾತೂ ಇಲ್ಲದೆ ಆ ಕೈಯ ಚಲನದಿಂದ ವ್ಯಕ್ತವಾಗುವ ಅರ್ಥವನ್ನು ಆಲಂಕಾರಿಕರು ಧ್ವನಿಯೆಂದೇ ಕರೆಯುತ್ತಿದ್ದರು. ತಾನೇ ಪೂರ್ವಗ್ರಹದಿಂದ ನೊಂದವಳು ಇನ್ನೊಬ್ಬನ ವಿಷಯದಲ್ಲಿ ಪೂರ್ವಗ್ರಹವುಳ್ಳವಳೇ ಆಗಿರುವುದು ಇಲ್ಲಿ ಹೊರಬೀಳುತ್ತದೆ. ನಾಯಿಕೆಯನ್ನು ನಿರ್ದೋಷಿಯನ್ನಾಗಿ ಚಿತ್ರಿಸದಿರುವ ಈ ಧೈರ್ಯವು ಮಕ್ಕಳ ಕಥೆಗಳಲ್ಲಿ ವಿರಳ.

ಜೂಡಿಯ ತರ್ಕದಲ್ಲಿರುವ ದೋಷವೇನು? ನೈಯಾಯಿಕರು ಇದನ್ನು ಸೋಪಾಧಿಕ ಹೇತುವೆನ್ನುವರು. ಬೆಂಕಿಯಿದೆಯಾದುದರಿಂದ ಹೊಗೆಯಿರಬೇಕೆಂದು ಊಹಿಸುವವನು ನಡುವಣ ಹಸಿಸೌದೆಯನ್ನು ಮರೆಯುತ್ತಾನೆ. ಹಸಿಸೌದೆಯ ಸಂಯೋಗವಿದ್ದರೆ ಹೊಗೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ‘ಇವು ಬೇಟೆಯ ಜಾತಿಯವು, ಆದುದರಿಂದ ಕ್ರೂರವಾದುವು’ ಎಂಬಲ್ಲಿಯೂ ಒಂದು ಉಪಾಧಿಯಿದೆಯೆಂದು ಚಿತ್ರವು ಕೊನೆಗೆ ತೋರಿಸುತ್ತದೆ: ಯಾರೋ ಒಂದು ವಿಷಪುಷ್ಪದ ರಸವನ್ನು ಆ ಮೃಗಗಳಿಗೆ ಹೊಡೆದು ಹುಚ್ಚೆಬ್ಬಿಸಿರುವರು. ಹಾಗೆ ಮಾಡಿಸಿದವಳು ಯಾರ ಸಂಶಯಕ್ಕೂ ಗುರಿಯಾಗದ ಒಂದು ಕುರಿ, ನಗರದ ಉಪಾಧ್ಯಕ್ಷೆ. ಕುರಿಯನ್ನು ಖಳನ್ನಾಗಿ ಮಾಡಿದುದು ಜಾಣತನವಾದರೂ, ನರಿಯ ಮೇಲಿದ್ದ ಸಂಶಯವನ್ನು ಕುರಿಯ ಮೇಲೆ ವರ್ಗಾಯಿಸಿದಷ್ಟೇ ಆಯಿತೇನೋ ಎಂಬ ಶಂಕೆಯು ಉಳಿಯುತ್ತದೆ. ಅಂತೂ ಹೇತ್ವಾಭಾಸಪ್ರಕರಣವನ್ನು ಎಂಟು ವರುಷದ ಮಗುವಿಗೆ ಇಷ್ಟು ಸುಲಭವಾಗಿ ತಿಳಿಸಿದ ಗ್ರಂಥವು ಬೇರೊಂದಿಲ್ಲ.

ಇನ್ನು ಇಲ್ಲಿ ಬಲವಾದ ಪೂರ್ವಪಕ್ಷವೊಂದು ಏಳುತ್ತದೆ. ನಮ್ಮ ಮೃಗಕಥೆಗಳು ಹೇಳುವುದು ಇದಕ್ಕೆ ನೇರವಾಗಿ ವಿರುದ್ಧವಲ್ಲವೆ? ಪಂಚತಂತ್ರದ ಕಾಗೆ ಗೂಬೆಗಳ ಕಥೆಯಲ್ಲಿ ಗೂಬೆಗಳ ಅರಸನು ಶರಣಾಗತನಾಗಿ ಬಂದ ಕಾಗೆಯ ಮುದಿಮಂತ್ರಿಯನ್ನು ನಂಬುತ್ತಾನೆ; ಆ ಕಾಗೆಯು ಗುಹೆಯ ಬಾಗಿಲಿನಲ್ಲಿ ಕಟ್ಟಿಗೆಯನ್ನು ಒಟ್ಟಿ ಗೂಬೆಗಳ ಕುಲವನ್ನೇ ಸುಡಿಸುತ್ತದೆ. ಹುಟ್ಟುವೈರಿಯನ್ನು ನಂಬಬಾರದೆಂಬುದು ಅಲ್ಲಿಯ ನೀತಿ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಧರ್ಮರಾಯನಿಗೆ ಹೇಳುವ ಪಲಿತನೆಂಬ ಇಲಿಯ ಕಥೆಯು ಇನ್ನೂ ಸೂಕ್ಷ್ಮವಾದುದು. ಒಂದು ಕಡೆ ಮುಂಗುಸಿ, ಇನ್ನೊಂದು ಕಡೆ ಗೂಬೆ. ಎದುರಿಗೆ ಬಲೆಯಲ್ಲಿ ಸಿಕ್ಕಿಕೊಂಡ ಲೋಮಶನೆಂಬ ಬೆಕ್ಕು. ಇಲಿಯು ಬೆಕ್ಕಿನೊಡನೆ ಒಪ್ಪಂದ ಮಾಡಿಕೊಂಡು ಅದರ ಮಗ್ಗುಲಲ್ಲಿ ಅಡಗಿ ಬದುಕುತ್ತದೆ; ಬಲೆಯನ್ನು ಮಾತ್ರ ಬೇಡನು ಹತ್ತಿರ ಬರುವವರೆಗೂ ಪೂರ್ತಿಯಾಗಿ ಕಡಿಯುವುದಿಲ್ಲ. ಬಿಡುಗಡೆಯಾದ ಬೆಕ್ಕು ಸ್ನೇಹವನ್ನು ಮುಂದುವರಿಸೋಣವೆಂದು ಕರೆದಾಗ ಇಲಿಯು ಬಿಲದೊಳಗಿನಿಂದಲೇ ನಯವಾಗಿ ನಿರಾಕರಿಸುತ್ತದೆ. ಇದು ಪೂರ್ವಗ್ರಹವೋ ವಿವೇಕವೋ? ಬೆಕ್ಕಿಗೆ ಹಸಿವಾಗುವುದು ನಿಶ್ಚಯವಾದ ಮೇಲೆ ಇಲಿಯ ಭಯವನ್ನು ದೋಷವೆನ್ನಲಾಗದು.

ಝೂಟೋಪಿಯದ ದುರ್ಬಲಸ್ಥಾನವು ಇಲ್ಲಿಯೇ ಇರುವುದು. ಅಲ್ಲಿಯ ಹುಲಿ ಸಿಂಹಗಳು ಏನನ್ನು ತಿಂದು ಬದುಕುತ್ತವೆಂಬ ಪ್ರಶ್ನೆಯನ್ನು ಚಿತ್ರವು ಕಥೆಯೊಳಕ್ಕೆ ಬರಗೊಡುವುದಿಲ್ಲ. ಹಸಿವನ್ನು ಕಥೆಯಿಂದ ತೆಗೆದುಹಾಕಿ, ಬಳಿಕ ಭಯವು ನಿರಾಧಾರವೆಂದು ಸಾಧಿಸುವುದು ಸುಲಭ. ಮೇಲಾಗಿ ಮನುಷ್ಯರಲ್ಲಿ ಜಾತಿ, ಬಣ್ಣ, ಮತಗಳ ಕಾರಣದಿಂದ ಹಳಿಸಿಕೊಂಡವರು ಹಳಿದವರನ್ನು ಎಂದೂ ತಿಂದವರಲ್ಲ. ಅನೇಕ ಕಡೆಗಳಲ್ಲಿ ಸಂಗತಿಯು ತಿರುಗುಮುರುಗಾಗಿದ್ದಿತು. ದುಡಿದವನೇ ಕೀಳೆನಿಸಿಕೊಂಡನು, ಅವನ ದುಡಿಮೆಯನ್ನುಂಡವನು ಮೇಲೆನಿಸಿಕೊಂಡನು. ಅವರ ಸ್ಥಾನದಲ್ಲಿ, ಹಿಂದೆ ನಿಜವಾಗಿಯೂ ಮೊಲಗಳನ್ನು ತಿನ್ನುತ್ತಿದ್ದ ಮೃಗಗಳನ್ನು ನಿಲ್ಲಿಸಿದರೆ ಉಪಮಾನವು ಉಪಮೇಯಕ್ಕೆ ಅನ್ಯಾಯ ಮಾಡುತ್ತದೆ. ಪಾಠಶಾಲೆಯಲ್ಲಿ ಈ ಚಿತ್ರವನ್ನು ತೋರಿಸುವ ಉಪಾಧ್ಯಾಯರು ಗಮನಿಸಬೇಕಾದುದು ಇದನ್ನು. ‘ಮೊಲದ ಭಯಕ್ಕೆ ಹಿಂದೆ ಕಾರಣವಿದ್ದಿತು, ನಮ್ಮ ಊರಿನಲ್ಲಿ ಇಂಥವರನ್ನು ದೂರವಿಟ್ಟುದಕ್ಕೆ ಯಾವ ಕಾರಣವಿದ್ದಿತು?’ ಎಂದು ಬುದ್ಧಿವಂತನಾದ ಹುಡುಗನೊಬ್ಬನು ಕೇಳಿದರೆ ಚಿತ್ರದಿಂದ ಉತ್ತರವು ಹುಟ್ಟುವುದಿಲ್ಲ.

ಆದರೆ ನೀತಿಶಾಸ್ತ್ರವು ಸಂಶಯವನ್ನು ಮಾತ್ರ ಕಲಿಸುತ್ತದೆಂದು ತಿಳಿಯುವುದೂ ಸರಿಯಲ್ಲ. ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನನುಸರಿಸಿ ಕ್ರಿ. ಶ. ೧೦೩೧ರ ಸುಮಾರಿನಲ್ಲಿ ಕನ್ನಡಿಸಿದ ಪಂಚತಂತ್ರದ ಐದು ಪ್ರಕರಣಗಳಲ್ಲಿ ಒಂದಕ್ಕೆ ಪರೀಕ್ಷೆಯೆಂದೂ ಇನ್ನೊಂದಕ್ಕೆ ವಿಶ್ವಾಸವೆಂದೂ ಹೆಸರು. ಪರೀಕ್ಷಿಸದೆ ಮಾಡುವ ಕಾರ್ಯಕ್ಕೆ ದೃಷ್ಟಾಂತವಾದ ಮುಂಗುಸಿಯ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿ ರಕ್ತಸಿಕ್ತವಾದ ಬಾಯಿಯಿಂದ ಬಾಗಿಲಿಗೆ ಓಡಿಬಂದ ಮುಂಗುಸಿಯು ಮಗುವನ್ನೇ ಕೊಂದಿತೆಂಬ ಭ್ರಮೆಯಿಂದ ಹತವಾಗುತ್ತದೆ. ವಿಷ್ಣುಶರ್ಮನ ಪರಂಪರೆಯ ಪಾಠದಲ್ಲಿ ಒಂದು ಚಿಕ್ಕ ವಿವರವುಂಟು: ಆ ಮುಂಗುಸಿಯನ್ನು ತಾಯಿಯು ಮಗನಂತೆಯೇ ಎಣ್ಣೆನೀರೆರೆದು ಹಾಲೂಡಿಸಿ ಸಾಕಿದ್ದರೂ, ಸ್ವಜಾತಿಯ ದೋಷದಿಂದ ಇದು ಎಂದಾದರೊಂದು ದಿನ ಕೇಡು ಮಾಡೀತೆಂದು ಒಳಗೊಳಗೆ ನಂಬದೆಯೇ ಇದ್ದಳು. ಹಾಲೂಡಿಸಿದ ಕೈಯೂ ಅದೇ, ಕೊಡವನ್ನೆತ್ತಿ ಹಾಕಿದ ಕೈಯೂ ಅದೇ. ಜೂಡಿಯ ಸೊಂಟದ ಡಬ್ಬಿಗೂ ಈ ತಾಯಿಯ ಮನಸ್ಸಿನ ಮೂಲೆಯ ಸಂಶಯಕ್ಕೂ ಏನಂತರ? ಆದರೆ ಜೂಡಿಗೆ ಕ್ಷಮೆ ಬೇಡಲು ನಿಕ್ ಬದುಕಿರುತ್ತಾನೆ. ಪಂಚತಂತ್ರಕಾರನು ಆ ಸೌಕರ್ಯವನ್ನು ಕೊಡುವುದಿಲ್ಲ. ಎಳೆಯರಿಗೆ ಇಷ್ಟು ಕಠಿನವಾದ ಕಥೆಯನ್ನು ಹೇಳಬಹುದೇ ಎಂದು ಇಂದಿನವರು ಹಿಂಜರಿಯಬಹುದು. ಹಿಂದಿನವರು ಹಿಂಜರಿಯಲಿಲ್ಲ, ಆ ಕಥೆಯನ್ನು ಒಮ್ಮೆ ಕೇಳಿದ ಮಗುವು ಅದನ್ನು ಮರೆತುದೂ ಇಲ್ಲ.

ಹಸಿವನ್ನು ಮರೆಮಾಚದೆ, ಸಂಶಯವನ್ನೂ ಬೋಧಿಸದೆ, ಹುಟ್ಟುವೈರಿಗಳಿಬ್ಬರನ್ನು ಎದುರುಬದುರಾಗಿ ನಿಲ್ಲಿಸಿದ ಕೃತಿಯೊಂದು ಕನ್ನಡದಲ್ಲಿಯೇ ಇದೆ. ಅದು ಅಜ್ಞಾತಕರ್ತೃಕವಾದ ‘ಗೋವಿನ ಹಾಡು’. ಗೊಲ್ಲನ ಮಂದೆಯ ಹಸುವಾದ ಪುಣ್ಯಕೋಟಿಯನ್ನು ಅರ್ಬುತನೆಂಬ ಹಸಿದ ಹುಲಿಯು ಅಡ್ಡಗಟ್ಟುವುದು, ಕರುವಿಗೆ ಮೊಲೆಯೂಡಿಸಿ ಮರಳಿ ಬರುವೆನೆಂದು ಅದು ಮಾತು ಕೊಡುವುದು, ಕೊಟ್ಟ ಮಾತಿನಂತೆ ಬಂದು ನಿಲ್ಲುವುದು — ಕಥೆಯನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಇದನ್ನು ಸತ್ಯವಚನದ ಕಥೆಯೆಂದೇ ಬೋಧಿಸುವರು. ಅದು ಪೂರ್ವಗ್ರಹದ ಕಥೆಯೂ ಆಗಿರುವುದನ್ನು ಯಾರೂ ಎತ್ತಿಹೇಳಿದಂತೆ ಕಾಣದು. ಬಾಯಿಗೆ ಬಂದ ಆಹಾರವು ತಪ್ಪಿಸಿಕೊಂಡು ಹೋದ ಮೇಲೆ ಸಾಯುವುದಕ್ಕೆಂದು ಮರಳಿ ಬಾರದೆಂದು ಹುಲಿಯು ಮೊದಲು ನಂಬದಿರುವುದು ಪೂರ್ವಗ್ರಹ; ಲೋಕಾನುಭವಕ್ಕೆ ಸಮ್ಮತವಾದುದೇ. ಹಸುವಿಗಾದರೋ ಹುಲಿಯು ಮಾತು ಕೇಳುವ ಪ್ರಾಣಿಯೆಂದು ನಂಬುವುದಕ್ಕೆ ಯಾವ ಆಧಾರವೂ ಇಲ್ಲ. ಆದರೂ ಅದು ಹುಲಿಯೊಡನೆ ಮಾತನಾಡುತ್ತದೆ, ಭಾಷೆ ಕೊಡುತ್ತದೆ. ಭಾಷೆಯನ್ನು ಕೊಡುವುದೆಂದರೆ ತೆಗೆದುಕೊಳ್ಳುವವನು ಅದಕ್ಕೆ ಯೋಗ್ಯನೆಂದು ಒಪ್ಪಿದಂತೆ. ಪುಣ್ಯಕೋಟಿಯ ಧೈರ್ಯವು ಮರಳಿ ಬಂದುದರಲ್ಲಿ ಮಾತ್ರವಿಲ್ಲ, ಮೊದಲು ಬಾಯ್ದೆರೆದುದರಲ್ಲಿಯೇ ಇದೆ.

ವೀರರಸವನ್ನು ದಾನ, ದಯೆ, ಯುದ್ಧ, ಧರ್ಮವೆಂದು ನಾಲ್ಕು ವಿಧವಾಗಿ ಎಣಿಸುವುದು ರೂಢಿ. ಪಂಡಿತರಾಜ ಜಗನ್ನಾಥನು ರಸಗಂಗಾಧರದಲ್ಲಿ ಈ ಎಣಿಕೆಗೆ ನಿಯಮವಿಲ್ಲವೆಂದೂ, ಸತ್ಯವೀರವೇ ಮುಂತಾದುವನ್ನು ಬೇರೆಯಾಗಿ ಒಪ್ಪಬಹುದೆಂದೂ ಸೂಚಿಸಿರುವನು. ಸತ್ಯವೀರಕ್ಕೆ ಕನ್ನಡದಲ್ಲಿ ಈ ಹಸುವಿಗಿಂತ ಉತ್ತಮವಾದ ಉದಾಹರಣೆಯು ದೊರೆಯಲಾರದು. ಬಾಲಕರಿಗೆ ಧೈರ್ಯವೆಂದರೆ ಹೊಡೆದಾಟವೆಂದೇ ತೋರುವ ಈ ಕಾಲದಲ್ಲಿ, ಕೊಂಬಿದ್ದೂ ಹಾಯದ ಪ್ರಾಣಿಯನ್ನು ವೀರನಾಯಿಕೆಯನ್ನಾಗಿ ಮಾಡಿದ ಆ ಹೆಸರಿಲ್ಲದ ಕವಿಯ ಎದೆಗಾರಿಕೆಯೂ ಮೆಚ್ಚತಕ್ಕದ್ದು.

ಪಾದ್ಮಪುರಾಣದ ಸೃಷ್ಟಿಖಂಡದಲ್ಲಿ ಇದಕ್ಕೆ ಹತ್ತಿರವಾದ ನಂದೆಯೆಂಬ ಹಸುವಿನ ಕಥೆಯಿದೆ. ಅಲ್ಲಿಯ ಹುಲಿಯು ವಾಸ್ತವವಾಗಿ ಪ್ರಭಂಜನನೆಂಬ ಅರಸು. ಮರಿಗೆ ಹಾಲೂಡಿಸುತ್ತಿದ್ದ ಜಿಂಕೆಯನ್ನು ಹೊಡೆದು ಶಾಪಗ್ರಸ್ತನಾದವನು. ನಂದೆಯ ದೆಸೆಯಿಂದ ಶಾಪವು ಕಳೆಯುತ್ತದೆ. ಎರಡನ್ನೂ ಹೋಲಿಸಿ ನೋಡಿದರೆ ಕನ್ನಡ ಕವಿಯ ಹೆಚ್ಚಳವು ಕಾಣುತ್ತದೆ. ಪುರಾಣದ ಹುಲಿಯಲ್ಲಿ ಕಂಡ ಒಳ್ಳೆಯತನಕ್ಕೆ ಅದು ನಿಜವಾದ ಹುಲಿಯಲ್ಲವೆಂಬುದೇ ಸಮಾಧಾನ. ಹುಲಿಯ ಜಾತಿಯ ವಿಷಯದ ಪೂರ್ವಗ್ರಹವು ಹಾಗೆಯೇ ಉಳಿಯುತ್ತದೆ. ಕನ್ನಡದ ಅರ್ಬುತನು ಹುಲಿಯೇ. ಹುಲಿಯಾಗಿಯೇ ಕರಗುತ್ತಾನೆ, ಹಸುವನ್ನು ಒಡಹುಟ್ಟಿದವಳೆಂದು ಕಾಣುತ್ತಾನೆ, ಹುಲಿಯಾಗಿಯೇ ನೆಗೆದು ಪ್ರಾಣ ಬಿಡುತ್ತಾನೆ. ಇಲ್ಲಿ ಕಾಣದಿರಲಾಗದ ಒಂದು ತೊಡಕುಂಟು. ಮನಸ್ಸು ಮಾರ್ಪಟ್ಟ ಹುಲಿಗೆ ಬದುಕುವ ದಾರಿಯೇ ಇಲ್ಲವೆ? ಹುಲ್ಲು ತಿನ್ನಲಾರದು, ಮಾಂಸ ತಿನ್ನಲೊಲ್ಲದು. ಕವಿಯು ಹಸಿವನ್ನು ಮರೆಮಾಚದವನಾದುದರಿಂದಲೇ ಈ ಇಕ್ಕಟ್ಟು ಅವನಿಗೆ ಒದಗಿತು. ಝೂಟೋಪಿಯದವರಿಗೆ ಅದು ಒದಗಲೇ ಇಲ್ಲ.

ಈ ಹಾಡನ್ನಾಧರಿಸಿ ರವಿಶಂಕರ್ ಎಂಬವರು ‘ಪುಣ್ಯಕೋಟಿ’ ಎಂಬ ಅನಿಮೇಷನ್ ಚಿತ್ರವನ್ನು ಸಂಸ್ಕೃತಭಾಷೆಯಲ್ಲಿ ನಿರ್ಮಿಸಿದರು. ಜನರಿಂದ ಸಹಾಯಧನವನ್ನು ಕೂಡಿಸಿ, ಹಲವು ವರ್ಷ ಶ್ರಮಿಸಿ ಮುಗಿಸಿದ ಈ ಚಿತ್ರಕ್ಕೆ ಇಳಯರಾಜ ಅವರ ಸಂಗೀತವಿದೆ. ೨೦೨೦ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಪ್ರಕಟವಾಯಿತು. ಡಿಸ್ನಿಯವರ ದ್ರವ್ಯಬಲದೊಡನೆ ಇದನ್ನು ತೂಗುವುದು ಅನ್ಯಾಯ. ಮನುಷ್ಯರಿಗೂ ಕಾಡುಮೃಗಗಳಿಗೂ ನಡೆಯುತ್ತಿರುವ ಇಂದಿನ ಸಂಘರ್ಷವನ್ನು ಹಳೆಯ ಕಥೆಗೆ ಹೊಂದಿಸಿರುವುದು ವಿವೇಚನೆಯ ಕೆಲಸ. ಹುಲಿಯು ಏಕೆ ಹಸಿದಿತು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿದೆ. ಕಾಡನ್ನು ಕಡಿದವನೇ ಹುಲಿಯನ್ನು ಕ್ರೂರಿಯೆನ್ನುವುದು ಪೂರ್ವಾಗ್ರಹದ ಇನ್ನೊಂದು ಮುಖ. ಸಂಸ್ಕೃತದಲ್ಲಿ ಮಕ್ಕಳಿಗೆಂದು ಹೊಸ ಚಿತ್ರವೊಂದು ಬಂದುದು ಸಂಸ್ಕೃತಜ್ಞರಿಗೆ ಸಂತೋಷದ ಸಂಗತಿಯೇ. ಆದರೂ ಪಕ್ಷಪಾತವಿಲ್ಲದೆ ಹೇಳುವುದಾದರೆ, ಆ ಹಸುವು ತಬ್ಬಲಿಯಾಗಲಿರುವ ಕರುವನ್ನು ಮಂದೆಯ ಉಳಿದ ಹಸುಗಳಿಗೆ ತಾಯಂದಿರೆಂದೂ ಅಕ್ಕಂದಿರೆಂದೂ ಕರೆದು ಒಪ್ಪಿಸುವಾಗಿನ ಆರ್ದ್ರತೆಯು ಕನ್ನಡದ ಕಿವಿಗೆ ಕನ್ನಡದಲ್ಲಿಯೇ ಪೂರ್ಣವಾಗಿ ದಕ್ಕುವುದು. ದೇವವಾಣಿಯಲ್ಲಿ ಗಾಂಭೀರ್ಯವು ಹೆಚ್ಚಿತು. ಕೊಟ್ಟಿಗೆಯ ಬೆಚ್ಚನೆಯ ವಾಸನೆಯು ಕಡಮೆಯಾಯಿತು.

ಭಾಷೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ೧೯೬೦ರ ದಶಕದಲ್ಲಿ ಹುಟ್ಟಿದ ಡಬ್ಬಿಂಗ್ ವಿರೋಧದ ಚಳವಳಿಯು ಕನ್ನಡದ ಕಲಾವಿದರ ಅನ್ನವನ್ನು ಉಳಿಸುವುದಕ್ಕೆಂದು ಹೊರಟಿತು. ಅದರ ಉದ್ದೇಶವನ್ನು ಆಕ್ಷೇಪಿಸಬೇಕಾಗಿಲ್ಲ. ಭಾರತೀಯ ಸ್ಪರ್ಧಾ ಆಯೋಗವು ೨೦೧೫ರಲ್ಲಿ ಅಂಥ ತಡೆಯು ಸಲ್ಲದೆಂದು ಹೇಳುವವರೆಗೆ ಅನ್ಯಭಾಷೆಯ ಚಿತ್ರಗಳು ಕನ್ನಡದ ನುಡಿಯೊಡನೆ ತೆರೆಗೆ ಬರುವುದು ದುಸ್ಸಾಧ್ಯವಾಗಿದ್ದಿತು. ಅದರ ಭಾರವು ಯಾರ ಮೇಲೆ ಬಿದ್ದಿತೆಂದರೆ, ಅಕ್ಷರ ಕಲಿಯುವ ಮೊದಲೇ ಬೊಂಬೆಚಿತ್ರ ನೋಡುವ ಎಳೆಯರ ಮೇಲೆ. ಮೊಲವೂ ನರಿಯೂ ಅನ್ಯಭಾಷೆಯಲ್ಲಿ ಮಾತನಾಡುವುದನ್ನೇ ಕೇಳಿ ಬೆಳೆದ ಮಗುವಿಗೆ, ಗಂಭೀರವಾದ ವಿಷಯಗಳು ಕನ್ನಡದಲ್ಲಿ ಹೇಳಲು ಬಾರದವು ಎಂಬ ಪೂರ್ವಗ್ರಹವು ಹುಟ್ಟಿದ್ದರೆ ಅದನ್ನು ಹುಟ್ಟಿಸಿದವರು ಹಿರಿಯರೇ. ೨೦೦೯ರಲ್ಲಿ ಆರಂಭವಾದ ಚಿಂಟು ಟಿವಿಯಂಥ ಪ್ರಯತ್ನಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದುವು.

೨೦೨೫ರ ಜುಲೈ ತಿಂಗಳಲ್ಲಿ ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ ನರಸಿಂಹ’ವು ಕನ್ನಡದಲ್ಲಿಯೂ ತೆರೆಕಂಡು, ಭಾರತದಲ್ಲಿ ತಯಾರಾದ ಅನಿಮೇಷನ್ ಚಿತ್ರಕ್ಕೂ ಜನರು ಕಿಕ್ಕಿರಿದು ನೆರೆಯುವರೆಂಬುದನ್ನು ತೋರಿಸಿತು. ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು ಅದನ್ನು ಅರ್ಪಿಸಿದರು. ದೈತ್ಯಕುಲದಲ್ಲಿ ಹುಟ್ಟಿದ ಬಾಲಕನೇ ಭಾಗವತೋತ್ತಮನೆಂಬ ಪ್ರಹ್ಲಾದಚರಿತ್ರೆಯು ಹುಟ್ಟಿನಿಂದ ಗುಣವನ್ನು ಅಳೆಯುವವರಿಗೆ ಭಾಗವತದ ಏಳನೆಯ ಸ್ಕಂಧದಷ್ಟು ಹಳೆಯದಾದ ಉತ್ತರ. ಆಯುಧವಿಲ್ಲದೆ, ಕೋಪವಿಲ್ಲದೆ, ತಂದೆಯನ್ನು ದ್ವೇಷಿಸದೆ ಎದುರು ನಿಲ್ಲುವ ಆ ಐದು ವರುಷದ ಹುಡುಗನ ಧೈರ್ಯವೂ ಪುಣ್ಯಕೋಟಿಯ ಧೈರ್ಯದ ಜಾತಿಯದೇ. ಚಿತ್ರವಾದರೋ ವರಾಹ–ಹಿರಣ್ಯಾಕ್ಷರ ಕಾಳಗಕ್ಕೂ ಕೊನೆಯ ಉಗ್ರರೂಪಕ್ಕೂ ತನ್ನ ಬಣ್ಣಗಳನ್ನೆಲ್ಲ ಸುರಿದಿದೆ. ರೌದ್ರವು ಪ್ರಬಲವಾದಲ್ಲಿ ಶಾಂತವು ಹಿಂದೆಬೀಳುವುದು ಸಹಜ. ನೋಡಿ ಹೊರಬಂದ ಮಗುವಿನ ಕಣ್ಣಿನಲ್ಲಿ ಉಳಿಯುವುದು ಉಗುರುಗಳು. ಮೂಲದಲ್ಲಿಯಾದರೋ, ದೇವತೆಗಳೂ ಲಕ್ಷ್ಮಿಯೂ ಹತ್ತಿರ ಹೋಗಲು ಅಂಜಿದ ಆ ಸಿಂಹಮೂರ್ತಿಯ ಬಳಿಗೆ ಹುಡುಗನೊಬ್ಬನೇ ಹೋಗಿ ಅಡಿಗೆರಗುವುದೇ ಕಥೆಯ ಶಿಖರ. ವಿಕಾರಕ್ಕೆ ಕಾರಣವು ಎದುರಿಗಿದ್ದೂ ಚಿತ್ತವು ಕದಲದಿರುವವನೇ ಧೀರನೆಂಬ ಕಾಳಿದಾಸನ ಅಭಿಪ್ರಾಯಕ್ಕೆ ಅದಕ್ಕಿಂತ ಚೆಲುವಾದ ಚಿತ್ರವನ್ನು ಯಾವ ಚಿತ್ರಕಾರನು ಬಿಡಿಸಲಾಪನು?

ಡಿಸ್ನಿಯವರು ೨೦೨೫ರ ನವೆಂಬರಿನಲ್ಲಿ ಝೂಟೋಪಿಯದ ಎರಡನೆಯ ಭಾಗವನ್ನು ಹೊರತಂದರು. ಈ ಸಲ ನಗರದಿಂದ ಹಿಂದೆಯೇ ಹೊರದೂಡಲ್ಪಟ್ಟ ಹಾವುಗಳ ಸರದಿ. ಪಾಣಿನಿಯ ಸಮಾಸದ ‘ಅಹಿ’ಯು ಹೀಗೆ ಒಳಗೆ ಬಂದಿತು. ಹಸಿವಿನ ಪ್ರಶ್ನೆಯು ಮಾತ್ರ ಈಗಲೂ ಬಾಗಿಲ ಹೊರಗೇ ಕುಳಿತಿದೆ. ಕನ್ನಡದ ಹಾಡು ಅದನ್ನು ಒಳಗೆ ಬಿಟ್ಟುಕೊಂಡು ಉತ್ತರ ಕಾಣದೆ ಹುಲಿಯನ್ನು ಕಳೆದುಕೊಂಡಿತು. ನಮ್ಮ ತರಗತಿಗಳಲ್ಲಿ ಗೋವಿನ ಹಾಡು ಮುಗಿದ ಮೇಲೆ ಹಸುವಿನ ಸತ್ಯವನ್ನು ಕುರಿತು ಹತ್ತು ಪ್ರಶ್ನೆಗಳನ್ನು ಕೇಳುವುದು ವಾಡಿಕೆ. ಹುಲಿಯು ಏಕೆ ಸತ್ತಿತೆಂದು ಕೇಳುವ ಹುಡುಗರು ಮೊದಲಿನಿಂದಲೂ ಇರುವರು. ಅವರನ್ನು ಸುಮ್ಮನಿರಿಸಿ ಮುಂದಿನ ಪಾಠಕ್ಕೆ ಹೋಗುವುದೂ ವಾಡಿಕೆಯೇ ಆಗಿದೆ.